ಅರವತ್ತೊಂದನೆಯವನು

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಓಟದ ಕ್ಲಬ್ಬಿನಲ್ಲಿ ‘ಅರವತ್ತೆರಡು’ ಎಂದು ಹೆಸರು. ಹೊಸದಾಗಿ ಸೇರಿದವರು ಅದು ಅವರ ವಯಸ್ಸು ಎಂದುಕೊಂಡಿದ್ದಾರೆ. ಈ ವರ್ಷ ವಯಸ್ಸೂ ಅಷ್ಟೇ ಆಗಿರುವುದರಿಂದ ತಿದ್ದುವ ಗೋಜಿಗೆ ಯಾರೂ ಹೋಗಿಲ್ಲ. ಆ ಹೆಸರು ಹನ್ನೊಂದು ವರ್ಷ ಹಳೆಯದು, ಐವತ್ತೊಂದರ ಮನುಷ್ಯನಿಗೆ ಇಟ್ಟದ್ದು, ಅದೂ ಪ್ರೀತಿಯಿಂದ ಇಟ್ಟದ್ದಲ್ಲ ಎಂಬುದು ಹಳಬರಿಗೆ ಗೊತ್ತು. ಅದಕ್ಕೆ ಕಾರಣ ನಾನು ಎಂಬುದು ಹಳಬರಿಗೂ ಗೊತ್ತಿಲ್ಲ.

ಭಾವ ಲಿಫ್ಟ್ ರಿಪೇರಿಯವರು. ಆಸ್ಪತ್ರೆ, ಬ್ಯಾಂಕು, ಹತ್ತು ಮಹಡಿಯ ವಸತಿಗಳು, ಎಲ್ಲಿ ಗುಂಡಿ ಒತ್ತಿದರೆ ಮನುಷ್ಯ ಮೇಲೇರಬೇಕೋ ಅಲ್ಲೆಲ್ಲ ಅವರ ಚೀಲ ಹೋಗಿಬಂದಿದೆ. “ದಿನಕ್ಕೆ ಸಾವಿರ ಜನರನ್ನ ಮೇಲಕ್ಕೆ ಕಳಿಸ್ತೀನಿ, ಇನ್ನೂ ಯಾರೂ ನನ್ನ ಮೇಲೆ ಕೇಸು ಹಾಕಿಲ್ಲ” ಎಂಬುದು ಅವರ ಬಳಿ ಇರುವ ಒಂದೇ ಜೋಕು. ಮದುವೆಯಾದ ಹೊಸದರಲ್ಲಿ ಅಕ್ಕ ಅದಕ್ಕೆ ನಗುತ್ತಿದ್ದಳು, ಆಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಸ್ವಂತಕ್ಕೆ ಮಾತ್ರ ಅವರು ಲಿಫ್ಟ್ ಹತ್ತುವವರಲ್ಲ. ಹತ್ತನೆಯ ಮಹಡಿಗೂ ಚೀಲ ಹೊತ್ತು ಮೆಟ್ಟಿಲಲ್ಲೇ ಹೋಗುತ್ತಿದ್ದರು. ಯಾರಾದರೂ ನಡುವೆ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಕರೆ ಬಂದರೆ, ಹೋದವರೇ ಸ್ಪ್ಯಾನರ್ ತೆಗೆಯುತ್ತಿರಲಿಲ್ಲ. ಮೊದಲು ಮುಚ್ಚಿದ ಬಾಗಿಲಿನ ಸಂದಿಗೆ ಬಾಯಿ ಇಟ್ಟು, ಮನೆ ಎಲ್ಲಿ, ಮಕ್ಕಳೆಷ್ಟು ಎಂದು ಒಳಗಿನವರನ್ನು ಮಾತಾಡಿಸಿ, ಅವರ ಉಸಿರು ಹದಕ್ಕೆ ಬಂದ ಮೇಲೆ ಕೆಲಸ. ಎಲ್ಲ ಮುಗಿದ ಮೇಲೆ ಕ್ಷಮೆ ಕೇಳುವವರೂ ಅವರೇ. ಯಂತ್ರ ಅವರಪ್ಪನ ಕಾಲದ್ದಾಗಿರಲಿ, ಕಟ್ಟಡದವರು ಎಣ್ಣೆ ಹಾಕಿಸುವುದಕ್ಕೂ ಹಿಂದೆಮುಂದೆ ನೋಡುವ ಜುಗ್ಗರಾಗಿರಲಿ, “ಹೋದ ಸಲ ಬಂದಾಗ್ಲೇ ನಾನು ನೋಡ್ಬೇಕಿತ್ತು” ಎಂದುಬಿಡುತ್ತಿದ್ದರು. ತಪ್ಪು ಎಲ್ಲಿ ಬಿದ್ದಿದ್ದರೂ ಎತ್ತಿ ತಮ್ಮ ಜೇಬಿಗೆ ಹಾಕಿಕೊಳ್ಳುವ ಜಾತಿ. ಇಂಥವರ ಪಕ್ಕದಲ್ಲಿ ನನ್ನಂಥವನು ಬದುಕುವುದು ಬಹಳ ಸುಲಭ.

ನನ್ನ ಕೆಲಸ ಪ್ರೂಫ್ ನೋಡುವುದು. ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಕೂತು ಔಷಧಿ ಡಬ್ಬಿಯ ಚೀಟಿ, ಶಾಲೆಯ ಪ್ರಶ್ನೆಪತ್ರಿಕೆ, ಬಸ್ಸಿನ ವೇಳಾಪಟ್ಟಿಗಳಲ್ಲಿ ಬೇರೆಯವರ ತಪ್ಪು ಹಿಡಿದು ಕೆಂಪು ಗೆರೆ ಎಳೆಯುತ್ತೇನೆ. ಮೂವತ್ತು ವರ್ಷದಲ್ಲಿ ನನ್ನ ಕಣ್ಣು ತಪ್ಪಿಸಿದ ಅಂಕಿ ಒಂದೇ ಒಂದು. ಅದು ತಪ್ಪಿಸಿಕೊಂಡದ್ದು ಮುದ್ರಣಾಲಯದಲ್ಲಿ ಅಲ್ಲ, ಬಯಲಿನಲ್ಲಿ.

ಕ್ಲಬ್ಬು ಎಂದರೆ ಭಾರಿ ಏನಲ್ಲ. ಊರಂಚಿನಲ್ಲಿ ತಗಡಿನ ಸೂರಿನ ಒಂದು ಕೋಣೆ, ಗೋಡೆಗೆ ಎರಡು ಬೆಂಚು, ಮೂಲೆಯಲ್ಲಿ ಹೊಗೆ ಉಗುಳುವ ಒಂದು ಒಲೆ, ವರ್ಷವಿಡೀ ಒದ್ದೆ ಕಾಲುಚೀಲ ಮತ್ತು ನೋವಿನ ಮುಲಾಮಿನ ವಾಸನೆ. ಚಳಿಗಾಲದ ನಟ್ಟನಡುವೆ ಸುತ್ತಿನ ಎಂಟು ಕ್ಲಬ್ಬುಗಳು ಸೇರಿ ಒಂದು ಬಯಲೋಟ ನಡೆಸುತ್ತವೆ. ಉತ್ತ ಹೊಲ, ಕೊಚ್ಚೆ, ಬೇಲಿ, ಏರು, ಮಂಜು ಗಟ್ಟಿಯಾದ ಹುಲ್ಲು, ಹೀಗೆ ಹತ್ತು ಕಿಲೋಮೀಟರು. ಬುದ್ಧಿ ಇದ್ದವರು ಕಾಲು ಮಡಚಿ ಹೊದ್ದು ಮಲಗಿರುವ ಹೊತ್ತಿನಲ್ಲಿ ಬನಿಯನ್ನು ಚಡ್ಡಿಯಲ್ಲಿ ಕೆಸರು ತುಳಿಯಲು ನೂರೈವತ್ತು ಜನ ಬರುತ್ತಾರೆ. ಗೆಲುವಿನ ಲೆಕ್ಕ ಸರಳ. ಒಂದೊಂದು ಕ್ಲಬ್ಬಿನ ಮೊದಲ ಆರು ಜನ ಎಷ್ಟನೆಯವರಾಗಿ ಬಂದರೋ ಆ ಅಂಕಿಗಳನ್ನು ಕೂಡಿಸುತ್ತಾರೆ, ಮೊತ್ತ ಯಾರದು ಕಡಿಮೆಯೋ ಶೀಲ್ಡು ಅವರದು. ಹಾಗಾಗಿ ಮುಂದೆ ಹಾರಿಹೋಗುವವರಷ್ಟೇ, ಹಿಂದೆ ಏದುಸಿರು ಬಿಡುತ್ತ ಬರುವ ಆರನೆಯವನೂ ಮುಖ್ಯ. ಏಳನೆಯವನು ಬಂದರೂ ಒಂದೇ, ಬಾರದಿದ್ದರೂ ಒಂದೇ.

ಶೀಲ್ಡು ಗೆದ್ದ ವರ್ಷ ಆ ಆರು ಜನರ ಹೆಸರನ್ನು ಕೋಣೆಯ ಮರದ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಸುತ್ತಾರೆ. ನಮ್ಮ ಹಲಗೆಯಲ್ಲಿ ಹೆಸರಿಗಿಂತ ಮರವೇ ಹೆಚ್ಚು, ಇಷ್ಟು ವರ್ಷದಲ್ಲಿ ಗೆದ್ದದ್ದು ಒಂದೇ ಸಲ. ಆ ಆರು ಹೆಸರುಗಳಲ್ಲಿ ಕೊನೆಯದು ನನ್ನದು. ನನ್ನನ್ನು ಕ್ಲಬ್ಬಿಗೆ ಕರೆದುಕೊಂಡು ಹೋಗಿ, ತಮ್ಮ ಹಳೆಯ ಶೂ ಕೊಟ್ಟು, ಏರಿನಲ್ಲಿ ಉಸಿರು ಹಿಡಿಯುವುದನ್ನು ಕಲಿಸಿದವರು ಭಾವ. ಅವರಿಗೆ ಆಗ ಮೂವತ್ತಾರು, ನನಗೆ ಇಪ್ಪತ್ತೆಂಟು. ನಾನು ನಮ್ಮ ಆರನೆಯವನಾದೆ, ಅವರು ಏಳನೆಯವರಾದರು. ನಡುವೆ ಇದ್ದದ್ದು ನಾಲ್ಕು ಹೆಜ್ಜೆ. ನನ್ನ ಹೆಸರು ಬರೆಯುವಾಗ ಪೇಂಟರಿನ ಏಣಿ ಹಿಡಿದು ನಿಂತವರೂ ಅವರೇ.

ಎರಡು ವರ್ಷ ಕಳೆಯುವುದರೊಳಗೆ ನನ್ನ ಮಂಡಿ ಕೈಕೊಟ್ಟಿತು. ಭಾವ ಮಾತ್ರ ಓಡುತ್ತಲೇ ಉಳಿದರು. ಅವರಿಗೆ ಬೇಕಿದ್ದದ್ದು ಒಂದೇ, ಆ ಹಲಗೆಯ ಮೇಲೆ ಒಂದು ಸಾಲು. ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಒಲೆಯ ಪಕ್ಕ ಕಾಲು ಕಾಯಿಸಿಕೊಳ್ಳುವಾಗ ಅವರ ಕಣ್ಣು ಯಾವ ಗೋಡೆಗೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಟ್ಟೆ ಸರಿಮಾಡುವ ಅಕ್ಕನಿಗೆ ಅವರ ಕೆಸರಿನ ಬಟ್ಟೆ ಒಗೆದೂ ಹೊಲಿದೂ ಸಾಕಾಗಿತ್ತು. ಹೆಸರಿನ ಆಸೆ ಅಷ್ಟಿದ್ದರೆ ಮನೆಯ ಬಾಗಿಲ ಮೇಲೆ ತಾನೇ ಬರೆದುಕೊಡುತ್ತೇನೆ ಎಂದು ಒಮ್ಮೆ ಛೇಡಿಸಿದಳು. “ಬಾಗಿಲ ಮೇಲೆ ಹೆಸರು ಬರೋಕೆ ಬಾಡಿಗೆ ಕಟ್ಟಿದ್ರೆ ಸಾಕು ಕಣೆ” ಎಂದರು ಭಾವ.

ಹನ್ನೊಂದು ವರ್ಷದ ಹಿಂದಿನ ಚಳಿಗಾಲ ಓಟ ನಡೆಸುವ ಸರದಿ ನಮ್ಮದಾಗಿತ್ತು. ಮಂಡಿ ಹೋದ ನನಗೆ ಕೊಟ್ಟದ್ದು ಬಿಲ್ಲೆ ಹಂಚುವ ಕೆಲಸ. ಓಟ ಮುಗಿಸಿದವರು ಎರಡು ಹಗ್ಗಗಳ ನಡುವಿನ ಕಿರಿದಾದ ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಅದರ ತುದಿಯಲ್ಲಿ ನಿಂತು ಒಂದು, ಎರಡು, ಮೂರು ಎಂದು ಅಂಕಿ ಇರುವ ರಟ್ಟಿನ ಬಿಲ್ಲೆಗಳನ್ನು ಸಾಲಾಗಿ ಕೈಗಿಡಬೇಕು. ಅವರು ಅದನ್ನು ಮೇಜಿಗೆ ಒಯ್ದು ಹೆಸರು ಬರೆಸುತ್ತಾರೆ. ಕ್ಲಬ್ಬಿಲ್ಲದೆ ಸುಮ್ಮನೆ ಓಡಲು ಬಂದ ಕೆಲವರು ಬರೆಸದೆ, ಬಿಲ್ಲೆಯನ್ನು ನೆನಪಿಗೆಂದು ಜೇಬಿಗೆ ಹಾಕಿಕೊಂಡು ಮನೆಗೆ ಹೋಗುವುದೂ ಉಂಟು. ಪ್ರತಿ ವರ್ಷ ಪಟ್ಟಿಯಲ್ಲಿ ನಾಲ್ಕೈದು ಅಂಕಿಗಳ ಮುಂದೆ ‘ಹೆಸರಿಲ್ಲ’ ಎಂದಿರುತ್ತದೆ. ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳುವುದಿಲ್ಲ.

ಹಿಂದಿನ ವರ್ಷದ ಬಿಲ್ಲೆಗಳು ಮಂಜಿಗೆ ನೆನೆದು, ಅಂಕಿ ಕಲೆಸಿ, ಆರು ಯಾವುದು ಎಂಟು ಯಾವುದು ತಿಳಿಯದಂತಾಗಿತ್ತು. ಪ್ರೂಫಿನವನಲ್ಲವೇ, ನನಗೆ ತಡೆಯಲಿಲ್ಲ. ಹೊಸ ರಟ್ಟು ಕತ್ತರಿಸಿ, ಅಂಕಿ ಅಚ್ಚು ಹಾಕಿಸಿ, ಅಕ್ಕನ ಅಡುಗೆಮನೆಯಲ್ಲಿ ಮೇಣದಬತ್ತಿ ಕರಗಿಸಿ ಒಂದೊಂದನ್ನೂ ಅದ್ದಿ ತೆಗೆದೆ. ಅಕ್ಕನ ಒಳ್ಳೆಯ ಪಾತ್ರೆಯೊಂದು ಅದರಲ್ಲಿ ಹಾಳಾಯಿತು. ಓಟದ ದಿನ ಬೆಳಿಗ್ಗೆ ಎಂಟೂ ಕ್ಲಬ್ಬುಗಳ ಕೂಟದ ಅಧ್ಯಕ್ಷರು ಒಂದು ಬಿಲ್ಲೆಯನ್ನು ಬಕೆಟ್ಟಿನಲ್ಲಿ ಮುಳುಗಿಸಿ ಎತ್ತಿ, ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಇನ್ನು ಮುಂದೆ ಎಲ್ಲ ಕಡೆ ಹೀಗೇ ಆಗಬೇಕು ಎಂದರು. ನಾನು ಉಬ್ಬಿಹೋದೆ. ಉಬ್ಬಿದವನು ಆ ಬಿಲ್ಲೆಗಳ ಕಟ್ಟನ್ನು ಓಟ ಶುರುವಾಗುವವರೆಗೆ ಬೆಚ್ಚಗಿರಲಿ ಎಂದು ಒಲೆಯ ಪಕ್ಕ ಇಟ್ಟೆ. ಮೇಣ ಮೆತ್ತಗಾಯಿತು. ಹೊರಗೆ ತಂದಾಗ ಅದು ಚಳಿಗೆ ಗಟ್ಟಿಯಾಗಿ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡವು. ಉಣ್ಣೆಯ ಗ್ಲೌಸು ಹಾಕಿದ ಎಡಗೈಯಲ್ಲಿ ಕಟ್ಟು ಹಿಡಿದು, ಬರಿಗೈಯಾದ ಬಲಗೈಯ ಉಗುರು ಹಾಕಿ ಒಂದೊಂದನ್ನೇ ಬಿಡಿಸಿಕೊಡುತ್ತ ನಿಂತೆ. ಇಂಥ ಬುದ್ಧಿವಂತಿಕೆ ಬೇರೆ ಯಾರಿಗೂ ಹೊಳೆಯುವುದಿಲ್ಲ.

ಆ ವರ್ಷ ನಮ್ಮ ಚೆನ್ನಾಗಿ ಓಡುವವರಲ್ಲಿ ಒಬ್ಬನ ಕಾಲು ಉಳುಕಿತ್ತು, ಇನ್ನೊಬ್ಬ ಊರು ಬಿಟ್ಟಿದ್ದ. ಹದಿನೈದು ವರ್ಷ ಏಳನೆಯವರೂ ಎಂಟನೆಯವರೂ ಆಗಿದ್ದ ಭಾವ ಐವತ್ತೊಂದನೆಯ ವಯಸ್ಸಿನಲ್ಲಿ ಆರನೆಯವರಾದರು. ಔಷಧಿ ಅಂಗಡಿಯ ಮಾಲೀಕ ನಮ್ಮ ಕ್ಲಬ್ಬಿನ ಕಾರ್ಯದರ್ಶಿ. ಇವತ್ತು ಶೀಲ್ಡು ನಿಮ್ಮ ಕಾಲಲ್ಲಿದೆ ಎಂದು ಅವನು ಬೆಳಿಗ್ಗೆಯೇ ಭಾವನ ಕಿವಿ ಕಚ್ಚಿದ್ದ. ಭಾವ ಶೂ ದಾರವನ್ನು ಮೂರು ಸಲ ಬಿಚ್ಚಿ ಕಟ್ಟಿದರು.

ಕೊನೆಯ ಹೊಲಕ್ಕೆ ಮೊದಲು ಒಂದು ಕಾಲುವೆ ಇದೆ. ನಾನು ನಿಂತ ಜಾಗದಿಂದ ಚೆನ್ನಾಗಿ ಕಾಣುತ್ತಿತ್ತು. ಭಾವ ಬಂದರು, ಹಾರಿದರು, ಈಚೆ ದಡದ ಕೆಸರಿನಲ್ಲಿ ಇಳಿದರು. ಎಡಗಾಲು ಮೇಲೆ ಬಂತು, ಶೂ ಕೆಸರಲ್ಲೇ ಉಳಿಯಿತು. ಎರಡು ಹೆಜ್ಜೆ ಹಾಗೇ ಓಡಿದವರು ನಿಂತು, ತಿರುಗಿ, ಮಂಡಿಯೂರಿ ಶೂ ಎಳೆದು ಕಾಲಿಗೆ ಸಿಕ್ಕಿಸಿಕೊಂಡರು. ಅಷ್ಟರಲ್ಲಿ ಹಸಿರು ಬನಿಯನ್ನಿನವನೊಬ್ಬ ಅವರನ್ನು ದಾಟಿದ. ಆಮೇಲೆ ಭಾವ ಓಡಿದ ಓಟವನ್ನು ನಾನು ನನ್ನ ಜನ್ಮದಲ್ಲಿ ಓಡಿಲ್ಲ. ಆದರೂ ಹಸಿರು ಬನಿಯನ್ನಿನವನು ಒಂದು ಮಾರು ಮುಂದೆಯೇ ಹಗ್ಗದೊಳಗೆ ಬಂದ. ಅವನಿಗೆ ಅರವತ್ತು ಎಂಬ ಬಿಲ್ಲೆ ಕಿತ್ತು ಕೊಟ್ಟೆ. ಹಿಂದೆಯೇ ಭಾವ, ತುಟಿಯ ಮೇಲೆ ನೊರೆ, ಸೊಂಟದವರೆಗೆ ಕೆಸರು. ಕೈಗೆ ಬಂದ ಮುಂದಿನ ಬಿಲ್ಲೆ ಕೊಟ್ಟೆ. ಆಗ ನಾನು ನೋಡುತ್ತಿದ್ದದ್ದು ಅವರ ಮುಖವನ್ನು, ಅಂಕಿಯನ್ನಲ್ಲ.

“ಆಯ್ತಾ?” ಎಂದು ಕೇಳಿದರು. “ಆಯ್ತು ಭಾವ” ಎಂದೆ.

ಮುಕ್ಕಾಲು ಗಂಟೆಯಲ್ಲಿ ಪಟ್ಟಿ ಕಿಟಕಿಯ ಗಾಜಿಗೆ ಅಂಟಿತು. ನಮ್ಮವರು ನಾಲ್ಕು, ಹನ್ನೊಂದು, ಹತ್ತೊಂಬತ್ತು, ಇಪ್ಪತ್ತಮೂರು, ಮೂವತ್ತೇಳು, ಕೊನೆಗೆ ಭಾವ ಅರವತ್ತೆರಡು. ಒಟ್ಟು ನೂರೈವತ್ತಾರು. ಹೊಳೆಯಾಚೆಯ ಕ್ಲಬ್ಬಿನದೂ ನೂರೈವತ್ತಾರು. ಸಮ ಬಂದರೆ ಯಾರ ಆರನೆಯವನು ಮೊದಲು ಬಂದಿರುತ್ತಾನೋ ಅವರಿಗೆ ಶೀಲ್ಡು ಎಂಬುದು ನಿಯಮ. ಅವರ ಆರನೆಯವನು ನಲವತ್ತೇಳು. ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಂದೇ ಒಂದು ಸ್ಥಾನ ಮುಂದೆ ಬಂದಿದ್ದರೆ ಸಾಕಿತ್ತು. ಕಾಲುವೆಯ ದಂಡೆಯಲ್ಲಿ ಮಂಡಿಯೂರಿದ್ದನ್ನು ಎಲ್ಲರೂ ನೋಡಿದ್ದರಲ್ಲ, ಒಂದು ಸ್ಥಾನ ಎಲ್ಲಿ ಹೋಯಿತು ಎಂದು ಯಾರಿಗೂ ಹುಡುಕುವ ಕಷ್ಟವಿರಲಿಲ್ಲ. ಒಂದು ಶೂವಿನಲ್ಲಿ ಓಡಿದ್ದರೆ ಕಾಲೇನು ಸವೆದುಹೋಗುತ್ತಿತ್ತೇ ಎಂದು ಕಾರ್ಯದರ್ಶಿ ನಾಲ್ಕು ಜನಕ್ಕೆ ಕೇಳಿಸುವಂತೆ ಅಂದ. ಪಟ್ಟಿಯಲ್ಲಿ ಅರವತ್ತೊಂದರ ಮುಂದೆ ‘ಹೆಸರಿಲ್ಲ’ ಎಂದಿತ್ತು. ಹೆಸರು ಬರೆಸದೆ ಹೋದ ಯಾವನೋ ಒಬ್ಬ ದಾರಿಹೋಕ ನಮ್ಮ ಶೀಲ್ಡು ಕಿತ್ತುಕೊಂಡ ಎಂದು ಶಪಿಸಿದರು. ಹಗ್ಗದೊಳಗೆ ಯಾರ ಹಿಂದೆ ಯಾರು ಬಂದರು ಎಂದು ಯಾರೂ ನೆನಪಿಟ್ಟಿರಲಿಲ್ಲ.

ಆಕ್ಷೇಪಣೆ ಇದ್ದವರು ಪಟ್ಟಿ ಅಂಟಿಸಿದ ಅರ್ಧ ಗಂಟೆಯೊಳಗೆ ಹೇಳಬೇಕು. ಇಪ್ಪತ್ತು ನಿಮಿಷ ಕಳೆದಿತ್ತು. ನಾನು ಕೋಣೆಯ ಹಿಂದಿನ ನಲ್ಲಿಯ ಹತ್ತಿರ ಕೈ ತೊಳೆಯಲೆಂದು ಉಣ್ಣೆಯ ಗ್ಲೌಸು ಬಿಚ್ಚಿದೆ. ಎಡಗೈಯ ಅಂಗೈಗೆ ಏನೋ ಅಂಟಿಕೊಂಡಿತ್ತು. ಅರವತ್ತೊಂದು.

ಅರವತ್ತರ ಬೆನ್ನಿಗೆ ಅಂಟಿ ಬಂದದ್ದು, ಎಳೆದ ರಭಸಕ್ಕೆ ಕಳಚಿ, ಗ್ಲೌಸಿನ ಬಾಯೊಳಗೆ ಜಾರಿತ್ತು. ಚಳಿಗೆ ಜೋಮು ಹಿಡಿದ ಕೈಗೆ ಗೊತ್ತಾಗಿರಲಿಲ್ಲ. ಭಾವನಿಗೆ ಸಿಗಬೇಕಾದದ್ದು ಅದೇ. ನಮ್ಮ ಮೊತ್ತ ನೂರೈವತ್ತೈದು. ಶೀಲ್ಡು ನಮ್ಮದು, ಹಲಗೆಯ ಮೇಲಿನ ಸಾಲು ಭಾವನದು. ಭಾವನನ್ನು ಸೋಲಿಸಿದ ಆ ಅರವತ್ತೊಂದನೆಯವನು ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ.

ಹತ್ತು ನಿಮಿಷ ಸಾಕಿತ್ತು. ಹದಿನೈದು ಹೆಜ್ಜೆ ನಡೆದರೆ ಮೇಜು. ನಾನು ನಲ್ಲಿ ತಿರುಗಿಸಿಕೊಂಡು ನಿಂತೆ. ನಮ್ಮ ಕ್ಲಬ್ಬಿನವನೇ ತನ್ನ ಗ್ಲೌಸಿನಿಂದ ಬಿಲ್ಲೆ ತೆಗೆದು ತೋರಿಸಿದರೆ ಯಾರು ನಂಬುತ್ತಾರೆ, ಕಳ್ಳ ಎನ್ನುತ್ತಾರೆ ಎಂದುಕೊಂಡೆ. ಅದು ನಿಜವೂ ಹೌದು, ಸಬೂಬೂ ಹೌದು. ಬೆಳಿಗ್ಗೆ ಬೆನ್ನು ತಟ್ಟಿದ ಅಧ್ಯಕ್ಷರ ಎದುರು ಮೇಣದ ಕಥೆ ಬಿಚ್ಚಬೇಕಲ್ಲ ಎಂಬ ನಾಚಿಕೆ ಅದಕ್ಕಿಂತ ದೊಡ್ಡದಾಗಿತ್ತು. ಇನ್ನೊಂದೂ ಇತ್ತು, ಈಗ ಮುಚ್ಚಿಟ್ಟು ಯಾವ ಪುಣ್ಯ? ಆ ಹಲಗೆ ನನಗೆ ಭಾವನಿಗಿಂತ ಮೇಲೆ ಇದ್ದ ಒಂದೇ ಜಾಗ. ನೀರು ತಣ್ಣಗೆ ಸುರಿಯುತ್ತಿತ್ತು, ಅಂಗಳದಲ್ಲಿ ಹೊಳೆಯಾಚೆಯವರು ಆಗಲೇ ಶೀಲ್ಡು ಎತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕಾರ್ಯದರ್ಶಿ ಕಿಟಕಿಯ ಗಾಜಿನಿಂದ ಪಟ್ಟಿ ಕೀಳುವ ಸದ್ದು ಕೇಳಿದ ಮೇಲೆ ನಲ್ಲಿ ನಿಲ್ಲಿಸಿದೆ.

ಆ ಸಂಜೆ ಭಾವ ಬೆಂಚಿನಿಂದ ಎದ್ದು ನಿಂತು ಎಲ್ಲರ ಕ್ಷಮೆ ಕೇಳಿದರು. ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಕೇಳುವಂತೆಯೇ ಕೇಳಿದರು, ಶೂ ದಾರ ನಾನೇ ಸರಿಯಾಗಿ ಕಟ್ಟಿರಲಿಲ್ಲ ಎಂದರು. ಯಾರೂ ಪರವಾಗಿಲ್ಲ ಎನ್ನಲಿಲ್ಲ. ಬಾಗಿಲ ಹತ್ತಿರ ಯಾರೋ “ಬಿಡಿ ಅರವತ್ತೆರಡು” ಎಂದ, ಎರಡು ಜನ ನಕ್ಕರು, ಹೆಸರು ಅಲ್ಲಿಂದ ಶುರುವಾಯಿತು. ನಾನು ನಗಲಿಲ್ಲ ಎಂದು ಹೇಳಬಲ್ಲೆ, ಅಷ್ಟೇ.

ಮರುದಿನ ಬೆಳಗಿನಿಂದ ಭಾವ ಹೊಸ ವ್ರತ ಹಿಡಿದರು. ಐದೂವರೆಗೆ ಎದ್ದು ಶೂ ಹಾಕಿ, ಕೆಲಸದ ಚೀಲದಲ್ಲಿನ ಕರಿ ಇನ್ಸುಲೇಷನ್ ಟೇಪನ್ನು ಪಾದಕ್ಕೂ ಶೂಗೂ ಸೇರಿಸಿ ನಾಲ್ಕು ಸುತ್ತು ಸುತ್ತಿ, ಆ ಕಾಲುವೆಯವರೆಗೆ ಓಡುವುದು, ಹಾರುವುದು, ನಿಲ್ಲದೆ ಕೊನೆಯ ಹೊಲ ದಾಟುವುದು. ಮಳೆಯೋ ಮಂಜೋ ಜ್ವರವೋ, ಒಂದು ದಿನ ತಪ್ಪಿದ್ದಿಲ್ಲ. ಕ್ಲಬ್ಬಿನವರು ಅವರನ್ನು ಮತ್ತೆಂದೂ ಆರರಲ್ಲಿ ಸೇರಿಸಲಿಲ್ಲ. ಅವರು ಕೇಳಲೂ ಇಲ್ಲ. ಕಂಪನಿಯವರು ಒಂದು ವರ್ಷ ಮೇಸ್ತ್ರಿ ಹುದ್ದೆ ಕೊಡುತ್ತೇವೆ, ಬೆಳಿಗ್ಗೆ ಆರಕ್ಕೆ ಬಂದು ಕೆಲಸ ಹಂಚಬೇಕು ಎಂದರು. ಬೆಳಿಗ್ಗೆ ಆಗುವುದಿಲ್ಲ ಎಂದುಬಿಟ್ಟರು. ಅಕ್ಕ ಒಂದು ತಿಂಗಳು ಅವರ ಹತ್ತಿರ ಮಾತು ಬಿಟ್ಟಳು. ಆ ತಿಂಗಳೆಲ್ಲ ನನ್ನ ಹತ್ತಿರ ಬಂದು ಅತ್ತಳು. ಆ ಕಾಲುವೆಯನ್ನೇ ಕಟ್ಟಿಕೊಳ್ಳಬೇಕಿತ್ತು ಇವರು, ನನ್ನನ್ನ್ಯಾಕೆ ಕಟ್ಟಿಕೊಂಡರು ಎಂದಳು. ನಾನು ಸಮಾಧಾನ ಹೇಳಿದೆ. ಬಿಲ್ಲೆ ಮುದ್ರಣಾಲಯದ ಮೇಜಿನ ಖಾನೆಯಲ್ಲಿ, ಕೆಂಪು ಪೆನ್ಸಿಲುಗಳ ಡಬ್ಬಿಯಲ್ಲಿ ಇತ್ತು. ಯಾರಾದರೂ ಪೆನ್ಸಿಲು ಕೇಳಿದರೆ ಸಾಕು, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ಡಬ್ಬಿಯ ಮುಚ್ಚಳಕ್ಕೆ ಹೋಗುತ್ತಿತ್ತು.

ಹೇಳಬೇಕೆಂದು ಹೊರಟದ್ದು ಒಂದೆರಡು ಸಲವಲ್ಲ. ಮೊದಲ ವರ್ಷ ಇನ್ನೂ ಗಾಯ ಹಸಿ ಎಂದುಕೊಂಡೆ. ಮೂರನೆಯ ವರ್ಷ ಈಗ ಮರೆತಿರಬಹುದು, ಯಾಕೆ ಕೆದಕುವುದು ಎಂದುಕೊಂಡೆ. ಆಮೇಲೆ, ಇಷ್ಟು ವರ್ಷ ಹೇಳದವನು ಈಗ ಹೇಳಿದರೆ ಹೇಳದೆ ಇದ್ದುದಕ್ಕೇ ಬೇರೆ ಉತ್ತರ ಕೊಡಬೇಕಲ್ಲ ಎಂದು ಅಂಜಿದೆ. ಸುಮ್ಮನಿರುವವನಿಗೆ ಕಾರಣಗಳಿಗೇನು ಬರ.

ಈ ಚಳಿಗಾಲ ಕ್ಲಬ್ಬಿಗೆ ಐವತ್ತು ವರ್ಷ ತುಂಬಿತು. ಹಳಬರೂ ಹೊಸಬರೂ ಸೇರಿ ಓಡುವ ಒಂದು ಸಂಭ್ರಮದ ಓಟ ಇಟ್ಟಿದ್ದರು. ಕಾರ್ಯದರ್ಶಿಗೆ ಈಗ ತಲೆ ಬೋಳಾಗಿದೆ, ನಾಲಿಗೆ ಹಾಗೇ ಇದೆ. ಭಾವನಿಗಾಗಿಯೇ ಅವನು ಅರವತ್ತೆರಡು ಎಂಬ ಅಂಕಿಯ ಬನಿಯನ್ನು ತೆಗೆದಿಟ್ಟಿದ್ದ. ಮೈಕು ಹಿಡಿದು, ಇದು ವಯಸ್ಸೂ ಹೌದು ಬಿರುದೂ ಹೌದು ಎಂದ. ಹೊಸಬರು ಚಪ್ಪಾಳೆ ತಟ್ಟಿದರು, ಹಳಬರು ನಕ್ಕರು. ಭಾವ ಎಲ್ಲರೆದುರು ಆ ಬನಿಯನ್ನು ತೊಟ್ಟು, ಕೈ ಮುಗಿದು, ತಾವೂ ನಕ್ಕರು. ನಂತರ ಬೆಂಚಿಗೆ ಹೋಗಿ ಕೂತು ಶೂಗೆ ಟೇಪು ಸುತ್ತತೊಡಗಿದರು. ಅವರ ಬೆನ್ನಿನ ಮೇಲೆ ನಾನು ಬರೆದ ತಪ್ಪು ಅಂಗೈ ಅಗಲದ ಅಂಕಿಗಳಲ್ಲಿ ಇತ್ತು. 

ಮುಂದಿನ ಭಾನುವಾರ ಮಧ್ಯಾಹ್ನ ಡಬ್ಬಿಯಿಂದ ಬಿಲ್ಲೆ ತೆಗೆದುಕೊಂಡು ಅವರ ಮನೆಗೆ ಹೋದೆ. ಅಕ್ಕ ಒಳಗೆ ಹೊಲಿಗೆ ಯಂತ್ರದ ಮುಂದಿದ್ದಳು. ಭಾವ ಹಿತ್ತಲ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತು ಹಳೆಯ ಚಾಕುವಿನಿಂದ ಶೂವಿನ ಅಡಿಯ ಕೆಸರು ಕೆರೆಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಬಿಲ್ಲೆಯನ್ನು ಅವರ ಅಂಗೈಯಲ್ಲಿಟ್ಟೆ. ಮೇಲಿನ ಮೇಣ ಹಳದಿಗಟ್ಟಿತ್ತು, ಅಂಕಿ ಮಾತ್ರ ಅಚ್ಚು ಹಾಕಿದ ದಿನದ ಹಾಗೇ ಇತ್ತು. ಒಲೆ, ಮೇಣ, ಗ್ಲೌಸು, ನಲ್ಲಿ, ಎಲ್ಲವನ್ನೂ ಹೇಳಿದೆ.  ಎದೆ ಎಷ್ಟು ಹಗುರವಾಗುತ್ತಿತ್ತು ಎಂದರೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಹಾಯೆನಿಸಿತು.

ಭಾವ ಬಿಲ್ಲೆಯನ್ನು ತಿರುಗಿಸಿ ಹೆಬ್ಬೆರಳಿನಿಂದ ಉಜ್ಜಿದರು. “ಯಾವಾಗ ಸಿಕ್ತು ಇದು?”

“ಅವತ್ತೇ ಭಾವ. ಇನ್ನೂ ಹತ್ತು ನಿಮಿಷ ಟೈಮಿತ್ತು.”

“ಹಾಗಾದ್ರೆ ನಾನು ಸೋತಿರ್ಲಿಲ್ಲ.”

“ಇಲ್ಲ.”

“ಶೂ ಎತ್ಕೊಂಡಿದ್ದಕ್ಕೆ ಏನೂ ಆಗಿರ್ಲಿಲ್ಲ.”

“ಏನೂ ಆಗಿರ್ಲಿಲ್ಲ ಭಾವ. ನಾಳೇನೇ ಕ್ಲಬ್ಬಲ್ಲಿ ಹೇಳ್ತೀನಿ. ಹಲಗೆ ಮೇಲೆ ನಿಮ್ಮ ಹೆಸರು ಬರೆಸೋಣ.”

ಬೈಯಬಹುದು, ಹೊಡೆಯಬಹುದು ಎಂದು ಸಿದ್ಧನಾಗಿ ಹೋಗಿದ್ದೆ. ಒಳಗೊಳಗೆ ಕ್ಷಮಿಸುತ್ತಾರೆ ಎಂದೂ ಲೆಕ್ಕ ಹಾಕಿದ್ದೆ. ತಪ್ಪು ಯಾರದ್ದಾದರೂ ಎತ್ತಿ ಜೇಬಿಗೆ ಹಾಕಿಕೊಳ್ಳುವವರಲ್ಲವೇ, ಇದನ್ನೂ ಹಾಕಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಅದೇನನ್ನೂ ಮಾಡಲಿಲ್ಲ. ಕೆರೆದು ಮುಗಿಸಿದ ಶೂ ಒಂದನ್ನು ಮೆಟ್ಟಿಲ ಮೇಲೆ ಇಟ್ಟು, ಇನ್ನೊಂದನ್ನು ಕೆಸರು ಸಮೇತ ಅದರ ಪಕ್ಕ ಇಟ್ಟರು.

“ಇವತ್ತು ಬೆಳಿಗ್ಗೇನೂ ಹಾರಿ ಬಂದೆ ಕಣೋ ಆ ಕಾಲುವೇನ” ಎಂದರು. “ಹನ್ನೊಂದು ವರ್ಷ. ತಪ್ಪು ನಂದು, ತಿದ್ಕೋತಾ ಇದ್ದೀನಿ ಅಂತ ಹಾರ್ತಾ ಇದ್ದೆ. ಗೆದ್ದಿದ್ದು ನಿಂದು, ಹಲಗೆ ಮೇಲಿದೆ. ಸೋತಿದ್ದಾದ್ರೂ ನಂದಾಗಿತ್ತು. ಈಗ ಅದನ್ನೂ ನೀನೇ ತಗೊಂಡೆಯಲ್ಲೋ.”

 ಅವರು ಬಿಲ್ಲೆಯನ್ನು ನನ್ನ ಅಂಗಿಯ ಜೇಬಿಗೆ ಹಾಕಿ, ಮೇಲಿಂದ ಎರಡು ಸಲ ತಟ್ಟಿದರು. ಕ್ಲಬ್ಬಿನಲ್ಲಿ ಏನೂ ಹೇಳುವುದು ಬೇಡ, ಅರವತ್ತೆರಡು ಎಂದರೆ ತಿರುಗಿ ನೋಡುವುದು ಅಭ್ಯಾಸವಾಗಿದೆ, ಈ ವಯಸ್ಸಿನಲ್ಲಿ ಬೇರೆ ಹೆಸರು ಹೊಂದುವುದಿಲ್ಲ ಎಂದರು. ಜೋಕಿನ ಹಾಗೇ ಹೇಳಿದರು. ಅವರ ಜೋಕಿಗೆ ನಾನು ನಗದೆ ಇದ್ದದ್ದು ಅದೇ ಮೊದಲು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಅಕ್ಕನ ಫೋನು ಬಂತು. ಭಾನುವಾರ ಮೆಟ್ಟಿಲ ಮೇಲೆ ಕೂತು ಏನು ಮಾತಾಡಿದೆ ಎಂದು ಕೇಳಿದಳು. ಅವಳಿಗೂ ಎಲ್ಲವನ್ನೂ ಹೇಳಿದೆ.  ಬೈದಿದ್ದರೆ ಚೆನ್ನಾಗಿತ್ತು.

“ನಿನ್ನ ಎದೆ ಹಗುರ ಆಯ್ತಾ?” ಎಂದಳು.

ಆಗಿತ್ತು, ನಾಲ್ಕೈದು ನಿಮಿಷ.  ಮೂವತ್ತು ವರ್ಷ ಆ ಓಟಕ್ಕೆ ಶಾಪ ಹಾಕಿದವಳು ಅವಳು. ಕೆಸರಿನ ಬಟ್ಟೆ ನೆನೆಹಾಕುವಾಗಲೆಲ್ಲ, ಒಂದು ದಿನ ಮನೆಯಲ್ಲಿ ಬಿದ್ದಿರಬಾರದೇ ಎಂದು ಗೊಣಗಿದವಳು. ಈಗ ಅವಳ ದನಿಯಲ್ಲಿ ಅಳು ಕೂಡ ಇರಲಿಲ್ಲ.

“ಐದು ದಿನ ಆಯ್ತು. ಐದೂವರೆಗೆ ಏಳ್ತಾರೆ, ಶೂ ಹಾಕ್ಕೋತಾರೆ, ಟೇಪು ಸುತ್ಕೋತಾರೆ, ಮೆಟ್ಟಿಲ ಮೇಲೆ ಕೂತ್ಕೋತಾರೆ. ಹೋಗೋದಿಲ್ಲ. ಹೋಗಿ ಬನ್ನಿ ಅಂತ ನಾನೇ ಹೇಳ್ದೆ ಇವತ್ತು. ಎಲ್ಲಿಗೆ ಅಂತ ಕೇಳಿದ್ರು.”